ಆಂಜಿಯೋಗ್ರಾಂ ವರದಿಯಲ್ಲಿರುವ ‘ರಾವ್’ ಯಾರು?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನವರು. ಕಳೆದ ತಿಂಗಳು ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನನ್ನ ತಂದೆಯವರಿಗೂ, ಅದೇ ವಾರ ಚಿಕ್ಕಪ್ಪನವರಿಗೂ ಆಂಜಿಯೋಗ್ರಾಂ ಆಯಿತು. ತಂದೆಯವರಿಗೆ ಮಾತ್ರೆ ಸಾಕು ಎಂದರು. ಚಿಕ್ಕಪ್ಪನವರಿಗೆ ಅಂದೇ ಸ್ಟೆಂಟ್ ಹಾಕಿದರು. ಇಬ್ಬರ ಹೆಸರಿನ ಕೊನೆಯಲ್ಲೂ ರಾವ್ ಇದೆ. ತಂದೆಯವರ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿ ನೋಡಿದಾಗ, ಚಿತ್ರದ ಒಂದು ಮೂಲೆಯಲ್ಲಿ ಅವರ ಪೂರ್ತಿ ಹೆಸರಿದೆ, ಇನ್ನೊಂದು ಮೂಲೆಯಲ್ಲಿ ಬರೀ ‘ರಾವ್ 30’ ಎಂದಿದೆ. ಮುಂದಿನ ಚಿತ್ರದಲ್ಲಿ ಅದೇ ಜಾಗದಲ್ಲಿ ‘ಲಾವ್ 45’ ಎಂದಿದೆ. ವರದಿಯಲ್ಲಿ ‘ರಾವ್ ಕಾಡಲ್’ ಎಂದು ಬರೆದಿದ್ದಾರೆ. ಒಂದು ಚಿತ್ರದಲ್ಲಿ ರಕ್ತನಾಳ ಕಿರಿದಾಗಿ ಕಾಣುತ್ತದೆ, ಇನ್ನೊಂದರಲ್ಲಿ ಅದೇ ಜಾಗ ಸರಿಯಾಗಿಯೇ ಇದೆ. ಮೊಬೈಲಿನಲ್ಲಿ ಹುಡುಕಿದರೆ ಹಡಗಿನ ವಿಷಯವೂ ಕಣ್ಣಿನ ಕಾಯಿಲೆಯೂ ಬರುತ್ತದೆ. ಅಣ್ಣತಮ್ಮಂದಿರ ಚಿತ್ರಗಳು ಬೆರೆತುಹೋಗಿರಬಹುದೇ? ಸ್ಟೆಂಟ್ ಬೇಕಾಗಿದ್ದುದು ತಂದೆಯವರಿಗೇ ಇರಬಹುದೇ? ಸಂಶಯ ತೀರುವ ತನಕ ತಂದೆಯವರು ಮಾತ್ರೆ ನಿಲ್ಲಿಸಿದ್ದಾರೆ. ಮತ್ತೊಮ್ಮೆ ಆಂಜಿಯೋಗ್ರಾಂ ಮಾಡಿಸಬೇಕೇ?

ಉತ್ತರ: ಮೊದಲು ಮಾತ್ರೆಯ ವಿಷಯ. ನಿಮ್ಮ ತಂದೆಯವರು ಮಾತ್ರೆ ನಿಲ್ಲಿಸಿರುವುದನ್ನು ಅವರನ್ನು ನೋಡಿದ ವೈದ್ಯರಿಗೆ ಇಂದೇ ಫೋನ್ ಮಾಡಿ ತಿಳಿಸಿ, ಅವರು ಹೇಳಿದಂತೆ ಪುನಃ ಆರಂಭಿಸಿ. ಹೃದಯದ ರಕ್ತನಾಳದಲ್ಲಿ ಅಲ್ಪಸ್ವಲ್ಪ ಕೊಬ್ಬು ಕಟ್ಟಿರುವವರಿಗೆ ಆ ಮಾತ್ರೆಗಳೇ ಚಿಕಿತ್ಸೆ. ಸ್ಟೆಂಟ್, ಅಂದರೆ ಕಿರಿದಾದ ನಾಳವನ್ನು ತೆರೆದಿಡುವ ಸಣ್ಣ ಬಲೆಯಂಥ ಕೊಳವೆ, ಹಾಕಿಲ್ಲವೆಂದ ಮಾತ್ರಕ್ಕೆ ಅವು ಐಚ್ಛಿಕವಾಗುವುದಿಲ್ಲ. ಚಿಕ್ಕಪ್ಪನವರೂ ಇದೇ ಸಂಶಯದಿಂದ ಮಾತ್ರೆ ಬಿಟ್ಟಿದ್ದರೆ ಅದು ಇನ್ನೂ ದೊಡ್ಡ ಅಪಾಯ. ಹೊಸದಾಗಿ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಮತ್ತು ಅದರ ಜೊತೆಗೆ ಕೊಡುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ಮಾತ್ರೆಯನ್ನು ವೈದ್ಯರ ಅಪ್ಪಣೆಯಿಲ್ಲದೆ ಬಿಟ್ಟರೆ, ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಈ ಪತ್ರವನ್ನು ಓದಿ ಮುಗಿಸುವ ಮೊದಲೇ ಅವರಿಗೂ ಒಂದು ಮಾತು ಹೇಳಿಬಿಡಿ.

ಇನ್ನು ನಿಮ್ಮ ಪ್ರಶ್ನೆ. ಚಿತ್ರದ ಮೂಲೆಯಲ್ಲಿರುವ ‘ರಾವ್ 30’ ಎಂಬುದು ನಿಮ್ಮ ತಂದೆಯವರ ಹೆಸರೂ ಅಲ್ಲ, ಚಿಕ್ಕಪ್ಪನವರ ಹೆಸರೂ ಅಲ್ಲ, ಯಾವ ಮನುಷ್ಯನ ಹೆಸರೂ ಅಲ್ಲ. ಅದು ಆರ್, ಎ, ಓ ಎಂಬ ಮೂರು ಅಕ್ಷರಗಳ ಸಂಕ್ಷೇಪ. ‘ರೈಟ್ ಆಂಟೀರಿಯರ್ ಓಬ್ಲಿಕ್’, ಅಂದರೆ ರೋಗಿಯ ಎದೆಯ ಬಲ ಮುಂಭಾಗದಿಂದ ಓರೆಯಾಗಿ ತೆಗೆದ ಚಿತ್ರ ಎಂದು ಅದರ ಅರ್ಥ. ನೀವು ‘ಲಾವ್’ ಎಂದು ಓದಿದ್ದು ಎಲ್, ಎ, ಓ. ಅದು ಎಡ ಮುಂಭಾಗದ ಓರೆ. ಪಕ್ಕದಲ್ಲಿರುವ 30 ಮತ್ತು 45 ಕೋನದ ಡಿಗ್ರಿಗಳು. ಕಾಡಲ್ ಎಂದರೆ ಕಾಲಿನ ಕಡೆಗೆ ಬಾಗಿದ್ದು, ಕ್ರೇನಿಯಲ್ ಎಂದರೆ ತಲೆಯ ಕಡೆಗೆ ಬಾಗಿದ್ದು. ಇವೆರಡನ್ನು ಚಿತ್ರದ ಮೇಲೆ ಸಾಮಾನ್ಯವಾಗಿ ‘ಸಿಎಯು’, ‘ಸಿಆರ್‌ಎ’ ಎಂದು ಚುಟುಕಾಗಿ ನಮೂದಿಸುತ್ತಾರೆ. ರಾವ್ ಎಂಬ ಮನೆತನದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವುದೂ ಇದೇ ಮೂರು ಅಕ್ಷರಗಳಲ್ಲಿ, ಆಸ್ಪತ್ರೆಯ ಯಂತ್ರಗಳು ಎಲ್ಲವನ್ನೂ ದೊಡ್ಡಕ್ಷರದಲ್ಲಿಯೇ ಅಚ್ಚು ಹಾಕುತ್ತವೆ. ಆದ್ದರಿಂದ ನೀವು ಗೊಂದಲಗೊಂಡದ್ದು ಸಹಜ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಪ್ರತಿ ಊರಿನಲ್ಲಿಯೂ ರಾವ್ ಎಂಬವರಿರುವಾಗ ಈ ಪ್ರಶ್ನೆಯನ್ನು ರೋಗಿಗಳು ಕೇಳುವ ಮೊದಲೇ ನಾವು ವೈದ್ಯರು ವಿವರಿಸಬೇಕಾಗಿತ್ತು.

ಈ ಕೋನಗಳು ಏಕೆ ಬೇಕು ಎಂಬುದು ತಿಳಿದರೆ, ಒಂದು ಚಿತ್ರದಲ್ಲಿ ಕಿರಿದಾಗಿರುವುದು ಇನ್ನೊಂದರಲ್ಲಿ ಸರಿಯಾಗಿ ಕಾಣುವುದು ಏಕೆ ಎಂಬುದೂ ತಿಳಿಯುತ್ತದೆ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತಂದೆಯವರು ಮಲಗಿದ್ದ ಕಿರಿದಾದ ಮೇಜನ್ನು, ಅದರ ಸುತ್ತ ತಿರುಗುತ್ತಿದ್ದ ಅರ್ಧ ಬಳೆಯಾಕಾರದ ದೊಡ್ಡ ತೋಳನ್ನು ಅವರು ನೆನಪಿಸಿಕೊಳ್ಳಬಹುದು. ಆ ತೋಳಿನ ಒಂದು ತುದಿಯಲ್ಲಿ, ಮೇಜಿನ ಅಡಿಗೆ, ಎಕ್ಸ್‌ರೇ ಹೊಮ್ಮಿಸುವ ನಳಿಕೆ ಇರುತ್ತದೆ; ಇನ್ನೊಂದು ತುದಿಯಲ್ಲಿ, ಎದೆಯ ಮೇಲ್ಗಡೆ, ಚಿತ್ರವನ್ನು ಹಿಡಿಯುವ ಚಪ್ಪಟೆ ಫಲಕ ಇರುತ್ತದೆ. ಮಣಿಕಟ್ಟಿನಿಂದ ಅಥವಾ ತೊಡೆಸಂದಿನಿಂದ ತೂರಿಸಿದ ತೆಳ್ಳಗಿನ ಕೊಳವೆಯ ತುದಿಯನ್ನು ಹೃದಯದ ರಕ್ತನಾಳದ ಬಾಯಿಗೆ ತಂದು ನಿಲ್ಲಿಸಿ, ಅಯೋಡಿನ್ ಇರುವ ದ್ರಾವಣವನ್ನು ಬಿಡುತ್ತಾರೆ. ಎಲ್ಲರೂ ‘ಡೈ’ ಎಂದು ಕರೆಯುವುದು ಇದನ್ನೇ. ಕೆಲವೇ ಸೆಕೆಂಡುಗಳ ಕಾಲ ನಾಳದ ಒಳಭಾಗ ಕಪ್ಪು ಗೆರೆಯಾಗಿ ತೆರೆಯ ಮೇಲೆ ಮೂಡುತ್ತದೆ. ಮತ್ತೆ ತೋಳು ತಿರುಗುತ್ತದೆ, ‘ಉಸಿರು ಎಳೆದು ಹಿಡಿದುಕೊಳ್ಳಿ’ ಎನ್ನುತ್ತಾರೆ, ಮತ್ತೆ ಡೈ ಬಿಡುತ್ತಾರೆ. ಉಸಿರು ಹಿಡಿಯಲು ಹೇಳುವುದು, ಎದೆ ಮತ್ತು ಹೊಟ್ಟೆಯ ನಡುವಣ ವಪೆಯ ನೆರಳು ಕೆಳಗೆ ಸರಿದು ನಾಳದ ಚಿತ್ರ ಸ್ವಚ್ಛವಾಗಿ ಬರಲೆಂದು. ತೋಳು ನಿಂತ ಪ್ರತಿಯೊಂದು ಸ್ಥಾನಕ್ಕೂ ಒಂದು ಹೆಸರಿದೆ, ಆ ಹೆಸರನ್ನು ಯಂತ್ರವೇ ಚಿತ್ರದ ಮೂಲೆಯಲ್ಲಿ ನಮೂದಿಸುತ್ತದೆ. ಫಲಕವು ರೋಗಿಯ ಬಲ ಮುಂಭಾಗದ ಮೇಲೆ ಬಂದು ನಿಂತರೆ ಆರ್‌ಎಓ, ಎಡ ಮುಂಭಾಗದ ಮೇಲೆ ನಿಂತರೆ ಎಲ್‌ಎಓ. ಗಮನಿಸಬೇಕಾದ ಅಂಶವೆಂದರೆ, ಈ ಬಲ ಮತ್ತು ಎಡ ರೋಗಿಯವು; ಚಿತ್ರ ನೋಡುವವರವಲ್ಲ.

ಹೆಸರನ್ನು ಬದಿಗಿಟ್ಟು, ಚಿತ್ರ ಆರ್‌ಎಓ ಹೌದೇ ಎಂದು ನೀವೇ ಪರೀಕ್ಷಿಸಬಹುದು. ಬೆನ್ನುಮೂಳೆಯ ನೆರಳನ್ನು ಹುಡುಕಿ; ಒಂದರ ಮೇಲೊಂದು ಜೋಡಿಸಿದ ಇಟ್ಟಿಗೆಗಳಂತೆ ಅದು ಮೇಲಿನಿಂದ ಕೆಳಕ್ಕೆ ಹೋಗಿರುತ್ತದೆ. ಆರ್‌ಎಓ ಚಿತ್ರದಲ್ಲಿ ಬೆನ್ನುಮೂಳೆ ತೆರೆಯ ಎಡಗಡೆಗೆ ಸರಿದಿರುತ್ತದೆ, ಎಲ್‌ಎಓ ಚಿತ್ರದಲ್ಲಿ ಬಲಗಡೆಗೆ. ಹೃದಯ ಮುಂದಿದೆ, ಬೆನ್ನುಮೂಳೆ ಹಿಂದಿದೆ. ನೋಡುವ ಸ್ಥಾನ ಪಕ್ಕಕ್ಕೆ ಸರಿದಾಗ ಹಿಂದಿನದು ಮತ್ತು ಮುಂದಿನದು ಒಂದರಿಂದೊಂದು ಬೇರೆಯಾಗುತ್ತವೆ. ನಿಮ್ಮ ಸಿ.ಡಿ.ಯಲ್ಲಿ ‘30’ ಇರುವ ಚಿತ್ರ ಮತ್ತು ‘45’ ಇರುವ ಚಿತ್ರಗಳನ್ನು ಒಂದರ ನಂತರ ಒಂದು ತೆರೆದು ನೋಡಿದರೆ ಬೆನ್ನುಮೂಳೆ ಸ್ಥಾನ ಬದಲಿಸಿರುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಹೃದಯವು ಎದೆಗೂಡಿನ ನಡುವೆ ನೇರವಾಗಿ ನಿಂತಿಲ್ಲ. ಅದರ ತುದಿ ಎಡಕ್ಕೆ, ಮುಂದಕ್ಕೆ ಮತ್ತು ಕೆಳಕ್ಕೆ ವಾಲಿದೆ. ಅದರ ಮೈಮೇಲೆ ರಕ್ತನಾಳಗಳು ಹಬ್ಬಿವೆ. ಎಡ ಮುಖ್ಯನಾಳ ಸ್ವಲ್ಪ ದೂರ ಹೋಗಿ ಎರಡಾಗಿ ಒಡೆಯುತ್ತದೆ: ಮುಂಭಾಗದಲ್ಲಿ ಇಳಿಯುವುದು ಎಲ್‌ಎಡಿ, ಪಕ್ಕದಿಂದ ಹಿಂದಕ್ಕೆ ಸುತ್ತುವುದು ಸರ್ಕಮ್‌ಫ್ಲೆಕ್ಸ್. ಬಲನಾಳ ಬೇರೆಯಾಗಿ ಹೊರಟು ಹೃದಯದ ಬಲಬದಿಯಿಂದ ಕೆಳಗೆ ಸುತ್ತಿಬರುತ್ತದೆ. ಈ ಮೂರು ಆಯಾಮದ ಕವಲುಗಳನ್ನು ನಾವು ಚಪ್ಪಟೆ ಚಿತ್ರದಲ್ಲಿ ನೋಡುತ್ತಿದ್ದೇವೆ. ಅಡಿಕೆ ತೋಟದ ಸಾಲಿನ ತುದಿಯಲ್ಲಿ ನಿಂತು ನೇರವಾಗಿ ನೋಡಿದರೆ ಮೊದಲ ಮರವೊಂದೇ ಕಾಣುತ್ತದೆ, ಹಿಂದಿನವೆಲ್ಲ ಅದರ ಮರೆಯಲ್ಲಿರುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಒಂದೊಂದು ಮರವೂ ಬೇರೆಯಾಗಿ ಕಾಣುತ್ತದೆ, ನಡುವೆ ಯಾವ ಮರಕ್ಕೆ ಕೊಳೆ ಬಂದಿದೆ ಎಂಬುದೂ ತಿಳಿಯುತ್ತದೆ. ಆಂಜಿಯೋಗ್ರಾಂ ಮಾಡುವ ಕೋಣೆಯಾದ ಕ್ಯಾಥ್‌ಲ್ಯಾಬಿನಲ್ಲಿ ತೋಳನ್ನು ತಿರುಗಿಸುವುದು ಇದೇ ಕಾರಣಕ್ಕೆ.

ಯಾವ ನಾಳಕ್ಕೆ ಯಾವ ಕೋನ ಎಂಬುದು ಬಹುಮಟ್ಟಿಗೆ ರೂಢಿಯಾಗಿಬಿಟ್ಟಿದೆ. ನಿಮ್ಮ ವರದಿಯಲ್ಲಿರುವ ಆರ್‌ಎಓ ಕಾಡಲ್ ಚಿತ್ರದಲ್ಲಿ ಸರ್ಕಮ್‌ಫ್ಲೆಕ್ಸ್ ನಾಳವೂ ಅದರ ಕವಲುಗಳೂ ಬಿಡಿಸಿಟ್ಟಂತೆ ಕಾಣುತ್ತವೆ. ಎಲ್‌ಎಡಿಯ ಮೊದಲ ಭಾಗವೂ ಸಿಗುತ್ತದೆ. ಆರ್‌ಎಓ ಕ್ರೇನಿಯಲ್‌ನಲ್ಲಿ ಎಲ್‌ಎಡಿಯ ಮಧ್ಯ ಮತ್ತು ಕೊನೆಯ ಭಾಗಗಳು ಉದ್ದಕ್ಕೂ ಚಾಚಿಕೊಂಡಂತೆ ಬರುತ್ತವೆ. ಎಲ್‌ಎಓ ಕಾಡಲ್ ಚಿತ್ರದಲ್ಲಿ ಎಡ ಮುಖ್ಯನಾಳ ಎಲ್ಲಿ ಕವಲೊಡೆಯುತ್ತದೆಯೋ ಆ ಜಾಗ ನೋಡುಗರ ಎದುರಿಗೇ ಬರುತ್ತದೆ. ಕವಲುಗಳು ಎಲ್ಲ ದಿಕ್ಕಿಗೂ ಕಾಲು ಚಾಚಿದ ಹಾಗಿರುವುದರಿಂದ ಕ್ಯಾಥ್‌ಲ್ಯಾಬಿನವರು ಅದನ್ನು ‘ಸ್ಪೈಡರ್ ವ್ಯೂ’ ಎನ್ನುತ್ತಾರೆ. ಬಲನಾಳವನ್ನು ಹೆಚ್ಚಾಗಿ ಎಲ್‌ಎಓದಲ್ಲಿ ನೋಡಿ, ಅದರ ಮಧ್ಯಭಾಗಕ್ಕಾಗಿ ಒಮ್ಮೆ ಆರ್‌ಎಓದಲ್ಲಿ ನೋಡುತ್ತಾರೆ. ಹೃದಯದ ಎಡ ಕೆಳಕೋಣೆ ಹೇಗೆ ಕುಗ್ಗಿ ಹಿಗ್ಗುತ್ತಿದೆ ಎಂದು ತಿಳಿಯಲು ಆ ಕೋಣೆಗೇ ಡೈ ಬಿಟ್ಟು ಚಿತ್ರ ತೆಗೆಯುವುದಾದರೆ ಅದನ್ನೂ ಸಾಮಾನ್ಯವಾಗಿ ಆರ್‌ಎಓ 30ರಲ್ಲಿಯೇ ತೆಗೆಯುತ್ತಾರೆ; ಕೋಣೆಯ ಮುಂಗೋಡೆ, ತುದಿ, ಕೆಳಗೋಡೆಗಳು ಆ ಕೋನದಲ್ಲಿ ಅಂಚಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಹಾಗಾಗಿ ಆಂಜಿಯೋಗ್ರಾಂ ಮಾಡಿಸಿಕೊಂಡ ಬಹುತೇಕ ಎಲ್ಲರ ಸಿ.ಡಿ.ಯಲ್ಲಿಯೂ, ಅವರು ಗೌಡರಾಗಿರಲಿ, ಭಟ್ಟರಾಗಿರಲಿ, ಶೇಖ್ ಆಗಿರಲಿ, ಡಿಸೋಜ ಆಗಿರಲಿ, ಈ ಮೂರು ಅಕ್ಷರಗಳು ಇದ್ದೇ ಇರುತ್ತವೆ.

ಈಗ ಒಂದು ಚಿತ್ರದಲ್ಲಿ ಕಿರಿದು, ಇನ್ನೊಂದರಲ್ಲಿ ಸರಿ ಎಂಬ ನಿಮ್ಮ ಮಾತಿಗೆ ಬರೋಣ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸುತ್ತಲೂ ಸಮನಾಗಿ ಕಟ್ಟುವುದು ಕಡಿಮೆ. ಬಹಳ ಸಲ ಒಂದೇ ಪಕ್ಕದ ಗೋಡೆಗೆ ಅಂಟಿಕೊಂಡಿರುತ್ತದೆ. ಆಗ ಉಳಿದಿರುವ ದಾರಿ ದುಂಡಗಿರದೆ ಚಪ್ಪಟೆಯಾಗಿರುತ್ತದೆ. ಚಪ್ಪಟೆಯಾದದ್ದನ್ನು ಅಗಲದ ಕಡೆಯಿಂದ ನೋಡಿದರೆ ನಾಳ ಸರಿಯಾಗಿದೆ ಎನ್ನಿಸುತ್ತದೆ, ಕಿರಿದಾದ ಕಡೆಯಿಂದ ನೋಡಿದರೆ ಅಡಚಣೆ ಕಾಣುತ್ತದೆ. ಇನ್ನೊಂದು ಕಾರಣವೂ ಇದೆ: ನಾಳದ ಒಂದು ತುಂಡು ಫಲಕದ ಕಡೆಗೇ ಮುಖ ಮಾಡಿ ಹೋಗುತ್ತಿದ್ದರೆ ಆ ಚಿತ್ರದಲ್ಲಿ ಅದು ಮೊಟಕಾಗಿ ಕಾಣುತ್ತದೆ, ಅದರೊಳಗಿನ ಕಿರಿದಾದ ಜಾಗ ಮುಚ್ಚಿಹೋಗುತ್ತದೆ. ಇನ್ನು ಕೆಲವು ಸಲ ಎರಡು ಕವಲುಗಳು ಒಂದರ ಮೇಲೊಂದು ಬಿದ್ದು ಇಲ್ಲದ ಅಡಚಣೆ ಇದ್ದಂತೆ ಭಾಸವಾಗುತ್ತದೆ. ಈ ಕಾರಣಗಳಿಂದಲೇ ಒಂದು ಅಡಚಣೆಯನ್ನು ಒಂದಕ್ಕೊಂದು ಸುಮಾರು ಅಡ್ಡವಾಗಿರುವ ಎರಡು ಕೋನಗಳಿಂದಲಾದರೂ ನೋಡದೆ ತೀರ್ಮಾನಿಸಬಾರದು ಎಂಬುದು ಈ ವಿದ್ಯೆಯ ಮೂಲಪಾಠ. ನೀವು ಎರಡು ಜನರ ಚಿತ್ರಗಳೆಂದು ಭಾವಿಸಿದ್ದು ಒಬ್ಬರದೇ ನಾಳವನ್ನು ಎರಡು ಕಡೆಯಿಂದ ನೋಡಿದ ಚಿತ್ರಗಳು. ಅವುಗಳಲ್ಲಿ ವ್ಯತ್ಯಾಸವಿರುವುದು ತಪ್ಪಲ್ಲ. ವ್ಯತ್ಯಾಸವನ್ನು ಹುಡುಕುವುದಕ್ಕೇ ತೆಗೆದವು ಅವು.

ಅಂಥ ಚಿತ್ರಗಳನ್ನೆಲ್ಲ ಒಟ್ಟಿಗೆ ನೋಡಿ ವೈದ್ಯರು ಶೇಕಡಾವಾರು ಅಂದಾಜು ಬರೆಯುತ್ತಾರೆ. ಅದು ನಾಳದ ವ್ಯಾಸ ಎಷ್ಟು ಕಡಿಮೆಯಾಗಿದೆ ಎಂಬ ಲೆಕ್ಕ. ವ್ಯಾಸ 50ರಷ್ಟು ಕಡಿಮೆಯಾದರೆ ರಕ್ತ ಹರಿಯುವ ದಾರಿಯ ವಿಸ್ತೀರ್ಣ 75ರಷ್ಟು ಕಡಿಮೆಯಾಗುತ್ತದೆ. ವ್ಯಾಸ 70ರಷ್ಟು ಕಡಿಮೆಯಾದರೆ ವಿಸ್ತೀರ್ಣ 91ರಷ್ಟು ಕಡಿಮೆಯಾಗುತ್ತದೆ. ಸಾಮಾನ್ಯ ನಾಳಗಳಲ್ಲಿ 70, ಎಡ ಮುಖ್ಯನಾಳದಲ್ಲಿ 50 ದಾಟಿದರೆ ಗಂಭೀರ ಎಂದು ಪರಿಗಣಿಸುವುದು ರೂಢಿ. ನಡುವಿನ ಪ್ರಮಾಣದವುಗಳಲ್ಲಿ ಅನುಮಾನವಿದ್ದರೆ ಸೂಕ್ಷ್ಮ ತಂತಿಯೊಂದನ್ನು ಅಡಚಣೆಯ ಆಚೆಗೆ ದಾಟಿಸಿ ರಕ್ತದ ಒತ್ತಡವನ್ನೇ ಅಳೆಯುವ ವಿಧಾನವಿದೆ. ಆ ಅನುಪಾತ 0.80 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅಡಚಣೆ ರಕ್ತದ ಹರಿವನ್ನು ನಿಜವಾಗಿ ತಡೆಯುತ್ತಿದೆ ಎಂದರ್ಥ. ಹಾಗಾಗಿ ತಂದೆಯವರ ಯಾವುದೋ ಒಂದು ಚಿತ್ರದಲ್ಲಿ ನಾಳ ಕಿರಿದಾಗಿ ಕಂಡಿತು ಎಂಬುದರಿಂದಲೇ ಸ್ಟೆಂಟ್ ಬೇಕಿತ್ತು ಎನ್ನಲಾಗದು.

ಇಬ್ಬರ ದಾಖಲೆಗಳು ಬೆರೆತಿರಬಹುದೇ ಎಂಬ ನಿಮ್ಮ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕೋನದ ಗೊಂದಲ ಪರಿಹಾರವಾದ ಮೇಲೂ ಒಂದೇ ಮನೆತನದ ಇಬ್ಬರು ಒಂದೇ ವಾರದಲ್ಲಿ ಒಂದೇ ಪರೀಕ್ಷೆ ಮಾಡಿಸಿಕೊಂಡಾಗ ಹೊಂದಿಸಿ ನೋಡುವುದು ವಿವೇಕವೇ. ಆದರೆ ಚಿಕ್ಕಪ್ಪನವರಿಗೆ ಹಾಕಿದ ಸ್ಟೆಂಟ್ ತಂದೆಯವರಿಗೆ ಸೇರಬೇಕಾಗಿತ್ತೇ ಎಂಬ ಭಯಕ್ಕೆ ಆಧಾರವಿಲ್ಲ. ಅಂದೇ, ಅದೇ ಮೇಜಿನ ಮೇಲೆ ಸ್ಟೆಂಟ್ ಹಾಕಿದ್ದಾರೆ ಎಂದರೆ, ಮಲಗಿದ್ದ ವ್ಯಕ್ತಿಯ ನಾಳವನ್ನು ಆ ಕ್ಷಣದಲ್ಲಿಯೇ ತೆರೆಯ ಮೇಲೆ ನೋಡುತ್ತ, ಆ ನಾಳದ ಅಡಚಣೆಯ ಮೂಲಕವೇ ತಂತಿ ದಾಟಿಸಿ, ಬಲೂನು ಹಿಗ್ಗಿಸಿ ಹಾಕಿದ್ದಾರೆ. ಸಿ.ಡಿ. ಬರೆಯುವುದು, ವರದಿ ಅಚ್ಚು ಹಾಕುವುದು ಅದಾದ ಮೇಲಿನ ಕೆಲಸ. ಕಾಗದದಲ್ಲಿ ಹೆಸರು ಅದಲುಬದಲಾದರೂ ಆ ಕ್ಷಣದಲ್ಲಿ ಕಂಡ ನಾಳ ಅದಲುಬದಲಾಗುವುದಿಲ್ಲ.

ಸಿ.ಡಿ. ಯಾರದೆಂದು ನೋಡಲು ಇದೇ ಒಳ್ಳೆಯ ಉಪಾಯ. ಚಿಕ್ಕಪ್ಪನವರ ಸಿ.ಡಿ.ಯಲ್ಲಿ ನಾಳದೊಳಗೆ ಕೂದಲೆಳೆಯಂಥ ತಂತಿ ಹೋಗಿರುವ ಚಿತ್ರಗಳು, ಬಲೂನು ಉಬ್ಬಿರುವ ಚಿತ್ರಗಳು, ಕೊನೆಯಲ್ಲಿ ಅಡಚಣೆ ಹೋದ ಮೇಲಿನ ಚಿತ್ರಗಳು ಇರಬೇಕು. ತಂದೆಯವರ ಸಿ.ಡಿ.ಯಲ್ಲಿ ಅವು ಇರಬಾರದು. ಎಡನಾಳದ ಕೆಲವು, ಬಲನಾಳದ ಎರಡು ಮೂರು ಚಿತ್ರಗಳಷ್ಟೇ ಇರಬೇಕು. ಕೊಳವೆ ತೂರಿಸಿದ್ದು ಬಲ ಮಣಿಕಟ್ಟಿನಿಂದಲೋ ಎಡದಿಂದಲೋ ತೊಡೆಸಂದಿನಿಂದಲೋ ಎಂಬುದನ್ನು ವರದಿಯಲ್ಲಿ ಬರೆದಿರುತ್ತಾರೆ, ಅದು ಎಲ್ಲಿ ಎಂಬುದು ಮಾಡಿಸಿಕೊಂಡವರಿಗೆ ಚೆನ್ನಾಗಿ ನೆನಪಿರುತ್ತದೆ. ಹಿಂದೆ ಯಾರಿಗಾದರೂ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿದ್ದರೆ ಅದೂ ಚಿತ್ರದಲ್ಲಿ ಮರೆಯಾಗುವುದಿಲ್ಲ.

ಆಮೇಲೆ ಮೂಲೆಗಳಲ್ಲಿರುವ ಬರಹವನ್ನು ಓದಿ. ಒಂದು ಚಿತ್ರದಿಂದ ಇನ್ನೊಂದಕ್ಕೆ ಹೋದಾಗ ಬದಲಾಗುವುದು ಕೋನ. ಬದಲಾಗದೆ ಉಳಿಯುವುದು ರೋಗಿಯ ಗುರುತು. ಕೆಲವು ತಂತ್ರಾಂಶಗಳು ಅಕ್ಷರಗಳನ್ನು ತೋರಿಸದೆ ‘−30, −20’ ಎಂದು ಅಂಕಿಗಳನ್ನು ಮಾತ್ರ ತೋರಿಸುವುದುಂಟು. ಹೃದಯದ ಚಿತ್ರಗಳನ್ನು ಉಳಿಸಿಡುವುದಕ್ಕೆ ಜಗತ್ತಿನ ಆಸ್ಪತ್ರೆಗಳೆಲ್ಲ ಬಳಸುವ, 1993ರಿಂದ ಡೈಕಾಮ್ ಎಂಬ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಮಾನದಂಡದ ಪ್ರಕಾರ ಮೊದಲ ಅಂಕಿಯಲ್ಲಿ ಋಣ ಚಿಹ್ನೆ ಇದ್ದರೆ ಅದು ಆರ್‌ಎಓ, ಎರಡನೆಯದರಲ್ಲಿ ಇದ್ದರೆ ಕಾಡಲ್. ಇದೇ ಮಾನದಂಡವು ರೋಗಿಯ ಹೆಸರನ್ನು ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಎಂಬ ಕ್ರಮದಲ್ಲಿ ಇಡುತ್ತದೆ, ನಡುವೆ ಮೇಲ್ಮುಖವಾದ ಸಣ್ಣ ಕೋನದ ಗುರುತನ್ನು ಹಾಕುತ್ತದೆ. ಆದ್ದರಿಂದ ನಾವು ಕೊನೆಯಲ್ಲಿ ಹೇಳುವ ರಾವ್ ಪರದೆಯ ಮೇಲೆ ಮೊದಲು ಬಂದುಬಿಡಬಹುದು. ಹೆಸರಿನ ಸಾಲು ‘ರಾವ್’ ಎಂದು ಆರಂಭವಾಗಿ, ಕೋನದ ಸಾಲೂ ಅದೇ ಅಕ್ಷರಗಳಿಂದ ಆರಂಭವಾದರೆ, ನೋಡಿದವರು ಬೆಚ್ಚುವುದು ಆಶ್ಚರ್ಯವಲ್ಲ.

ಮಲೆನಾಡಿನಲ್ಲಿ ಹೆಸರಿನ ತೊಡಕು ಇಲ್ಲಿಗೇ ಮುಗಿಯುವುದಿಲ್ಲ. ನಮ್ಮಲ್ಲಿ ಒಬ್ಬರೇ ವ್ಯಕ್ತಿ ಪಹಣಿಯಲ್ಲಿ ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ, ಬ್ಯಾಂಕಿನಲ್ಲಿ ಮತ್ತೊಂದು ರೀತಿ. ಊರಿನ ಹೆಸರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ ಒಮ್ಮೆ ಹಿಂದೆ, ಒಮ್ಮೆ ಮುಂದೆ. ರಾವ್ ಎಂಬುದು ಕೆಲವು ಕಡೆ ಹೆಸರಿಗೆ ಸೇರಿಕೊಂಡು, ಕೆಲವು ಕಡೆ ಬಿಡಿಯಾಗಿ, ಕೆಲವು ಕಡೆ ಇಲ್ಲವೇ ಇಲ್ಲ. ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಬರೆಸಿದ ಜನ್ಮದಿನ ಹಿರಿಯರಲ್ಲಿ ಬಹಳ ಜನರದು. ಇಸವಿ ಮಾತ್ರ ಗೊತ್ತಿದ್ದವರ ದಾಖಲೆಯಲ್ಲಿ ಜನವರಿ 1 ಎಂದಿರುವುದೂ ಅಪರೂಪವಲ್ಲ. ಹಾಗಾದಾಗ ಅಣ್ಣತಮ್ಮಂದಿರ ಹೆಸರೂ ಹುಟ್ಟಿದ ದಿನವೂ ಒಂದನ್ನೊಂದು ಹೋಲಬಹುದು. ರೋಗಿಯನ್ನು ಕನಿಷ್ಠ ಎರಡು ಗುರುತುಗಳಿಂದ ಖಚಿತಪಡಿಸಿಕೊಳ್ಳಬೇಕು, ಹಾಸಿಗೆ ಅಥವಾ ಕೋಣೆಯ ಸಂಖ್ಯೆಯನ್ನು ಗುರುತಾಗಿ ಬಳಸಬಾರದು ಎಂಬುದು ರೋಗಿ ಸುರಕ್ಷತೆಯ ಒಪ್ಪಿತ ನಿಯಮ. ನಮ್ಮ ಕಡೆಗೆ ಆ ಎರಡರಲ್ಲಿ ಒಂದು ಆಸ್ಪತ್ರೆಯವರು ನೋಂದಣಿಯ ವೇಳೆ ಕೊಡುವ ಸಂಖ್ಯೆಯೇ ಆಗಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಸಂಖ್ಯೆ ಒಬ್ಬರಿಗೆ ಒಂದೇ. ಅದು ಮಣಿಕಟ್ಟಿಗೆ ಕಟ್ಟಿದ ಪಟ್ಟಿಯ ಮೇಲೆ, ಬಿಲ್ಲಿನ ಮೇಲೆ, ಬಿಡುಗಡೆ ಪತ್ರದ ಮೇಲೆ, ಸಿ.ಡಿ.ಯ ಚಿತ್ರದ ಮೂಲೆಯಲ್ಲಿ ಇರುತ್ತದೆ. ಈ ನಾಲ್ಕೂ ಕಡೆ ಸಂಖ್ಯೆ ಒಂದೇ ಆಗಿದ್ದು, ಪರೀಕ್ಷೆಯ ದಿನಾಂಕವೂ ಸರಿಹೊಂದಿದರೆ ದಾಖಲೆ ನಿಮ್ಮ ತಂದೆಯವರದೇ.

ಮೊಬೈಲಿನಲ್ಲಿ ನಿಮಗೆ ಸಿಕ್ಕ ಉಳಿದ ಅರ್ಥಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಅವುಗಳಲ್ಲಿ ಎರಡು ವೈದ್ಯಕೀಯದವೇ, ಒಂದು ನಿಮ್ಮ ತಂದೆಯವರಿಗೆ ಸಂಬಂಧಿಸಿದ್ದೂ ಆಗಬಹುದು. ಮಣಿಕಟ್ಟಿನ ಮೂಲಕ ಆಂಜಿಯೋಗ್ರಾಂ ಮಾಡಿದ ಮೇಲೆ ಕೆಲವರಲ್ಲಿ ಆ ಅಪಧಮನಿ ಮುಚ್ಚಿಹೋಗುತ್ತದೆ. ಅದನ್ನು ‘ರೇಡಿಯಲ್ ಆರ್ಟರಿ ಅಕ್ಲೂಷನ್’ ಎನ್ನುತ್ತಾರೆ, ಅದರ ಸಂಕ್ಷೇಪವೂ ಆರ್‌ಎಓ. ಅಂಗೈಗೆ ಇನ್ನೊಂದು ಅಪಧಮನಿಯಿಂದಲೂ ರಕ್ತ ಬರುವುದರಿಂದ ಹೆಚ್ಚಿನವರಿಗೆ ಇದರಿಂದ ನೋವಾಗಲಿ ತೊಂದರೆಯಾಗಲಿ ಆಗುವುದಿಲ್ಲ. ಆದರೆ ಹೆಬ್ಬೆರಳಿನ ಬುಡದ ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ, ಮುಂದೆ ಅದೇ ದಾರಿಯನ್ನು ಮತ್ತೆ ಬಳಸಲು ಆಗದಿರಬಹುದು. ಮರುಭೇಟಿಯ ಚೀಟಿಯಲ್ಲಿ, ಡಿಗ್ರಿಯ ಅಂಕಿಯಿಲ್ಲದೆ, ಮಣಿಕಟ್ಟಿನ ವಿಷಯ ಬರೆಯುವ ಸಾಲಿನಲ್ಲಿ ಆ ಅಕ್ಷರಗಳು ಬಂದಿದ್ದರೆ ಅರ್ಥ ಇದು. ಕೈ ತಣ್ಣಗಾಗುವುದು, ಬೆರಳು ಬಿಳಿಚಿಕೊಳ್ಳುವುದು, ನೋವು, ಜೋಮು ಕಾಣಿಸಿದರೆ ಮಾತ್ರ ತಡಮಾಡದೆ ತೋರಿಸಬೇಕು.

ಎರಡನೆಯದು ಕಣ್ಣಿನದು. ಕಣ್ಣಿನ ಹಿಂಭಾಗದ ಅಕ್ಷಿಪಟಕ್ಕೆ ರಕ್ತ ಕೊಡುವ ಅಪಧಮನಿ ಮುಚ್ಚುವುದಕ್ಕೂ ಇದೇ ಸಂಕ್ಷೇಪ ಬಳಸುತ್ತಾರೆ. ಮುಖ್ಯ ಅಪಧಮನಿಯಾದರೆ ಮುಂದೆ ‘ಸಿ’ ಸೇರಿಸುತ್ತಾರೆ. ನೋವಿಲ್ಲದೆ, ಇದ್ದಕ್ಕಿದ್ದಂತೆ ಒಂದು ಕಣ್ಣಿನ ದೃಷ್ಟಿ ಹೋಗುವುದು ಇದರ ಲಕ್ಷಣ. ಇದನ್ನು ಮಿದುಳಿನ ಪಾರ್ಶ್ವವಾಯುವಿನಷ್ಟೇ ತುರ್ತಾಗಿ ಪರಿಗಣಿಸಬೇಕು. ನಿಮ್ಮ ತಂದೆಯವರ ವರದಿಗೂ ಇದಕ್ಕೂ ಸಂಬಂಧವಿಲ್ಲ. ಹಡಗಿನದು ಇನ್ನೂ ದೂರದ ಮಾತು: ಅಲೆಯ ಹೊಡೆತಕ್ಕೆ ಹಡಗು ಎಷ್ಟು ತೂಗಾಡುತ್ತದೆ ಎಂದು ಲೆಕ್ಕ ಹಾಕುವ ಸೂತ್ರಕ್ಕೆ ಎಂಜಿನಿಯರುಗಳು ಇಟ್ಟ ಹೆಸರಿನ ಮೊದಲಕ್ಷರಗಳು ಹಾಗೆ ಸೇರಿಕೊಂಡಿವೆ. ಹುಡುಕುವಾಗ ‘ಕ್ರಾಮೇರ್–ರಾವ್’ ಎಂದೇನಾದರೂ ಕಂಡರೆ ಮಾತ್ರ ಅದು ನಿಜವಾಗಿಯೂ ಹೆಸರು. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರು 1945ರಲ್ಲಿ ಪ್ರಕಟಿಸಿದ ಫಲಿತಾಂಶಕ್ಕೆ ಅವರ ಹೆಸರು ಸೇರಿದೆ.

ವರದಿಯಲ್ಲಿ ಹೆದರಿಸುವ ಇನ್ನೊಂದು ಸಂಕ್ಷೇಪವನ್ನೂ ತಿಳಿದಿರಿ. ‘ಎಸ್‌ವಿಡಿ, ಡಿವಿಡಿ, ಟಿವಿಡಿ’ ಎಂದರೆ ಕ್ರಮವಾಗಿ ಒಂದು, ಎರಡು, ಮೂರು ನಾಳಗಳಲ್ಲಿ ಗಂಭೀರ ಅಡಚಣೆ ಇದೆ ಎಂದು. ವರದಿಯ ಕೊನೆಯಲ್ಲಿ ‘ಡಿವಿಡಿ’ ಎಂದಿರುವುದನ್ನು ಸಿ.ಡಿ.ಯಂಥ ಡಿವಿಡಿ ತಟ್ಟೆ ಕೊಟ್ಟಿದ್ದಾರೆ ಎಂದು ತಿಳಿದುಕೊಂಡು ಮನೆಯಲ್ಲಿಯೇ ಉಳಿಯುವುದು, ಕೋನದ ಹೆಸರನ್ನು ನೋಡಿ ಹೆದರುವುದಕ್ಕಿಂತ ಹೆಚ್ಚು ಹಾನಿಕರ. ತಂದೆಯವರ ವರದಿಯ ಕೊನೆಯ ಎರಡು ಸಾಲುಗಳಲ್ಲಿ ಇಂಥ ಅಕ್ಷರಗಳೇನಾದರೂ ಇವೆಯೇ ಎಂದು ನೋಡಿ. ಇದ್ದರೆ ಅದರ ಅರ್ಥವನ್ನು ವೈದ್ಯರ ಬಾಯಿಂದಲೇ ಕೇಳಿ.

ಸಹೋದ್ಯೋಗಿಗಳಿಗೂ ಇಲ್ಲಿಯೇ ಒಂದು ವಿನಂತಿ. ಕೋನಗಳು ನಮ್ಮ ನಮ್ಮೊಳಗಿನ ಭಾಷೆ. ರೋಗಿಯ ಕೈಗೆ ಹೋಗುವ ಪತ್ರದಲ್ಲಿ ಅವುಗಳ ಅಗತ್ಯವೇ ಕಡಿಮೆ. ಬರೆಯಲೇಬೇಕಾದರೆ ಪೂರ್ಣ ರೂಪದಲ್ಲಿ, ಡಿಗ್ರಿಯ ಸಮೇತ ಬರೆಯಬಹುದು. ಮಣಿಕಟ್ಟಿನ ಅಪಧಮನಿಯ ವಿಷಯವನ್ನಂತೂ ಸಂಕ್ಷೇಪದಲ್ಲಿ ಬರೆಯಲೇಬಾರದು, ಏಕೆಂದರೆ ಒಂದೇ ಪುಟದಲ್ಲಿ ಒಂದೇ ಅಕ್ಷರಗಳು ಹೆಸರಾಗಿ, ಕೋನವಾಗಿ, ತೊಡಕಾಗಿ ಬಂದರೆ ಮುಂದೆ ಆ ಪತ್ರವನ್ನು ಓದುವ ಇನ್ನೊಬ್ಬ ವೈದ್ಯರೂ ಎಡವಬಹುದು.

ಮತ್ತೊಮ್ಮೆ ಆಂಜಿಯೋಗ್ರಾಂ ಮಾಡಿಸುವ ಅಗತ್ಯ ನಿಮ್ಮ ಪತ್ರದಿಂದ ನನಗೆ ಕಾಣುತ್ತಿಲ್ಲ. ಡೈ ಮೂತ್ರಪಿಂಡಕ್ಕೆ ಹೊರೆ, ಎಕ್ಸ್‌ರೇ ವಿಕಿರಣ ಮೈಗೆ ಹೊರೆ, ಕೊಳವೆ ತೂರಿಸುವುದರಲ್ಲಿ ಸಣ್ಣದಾದರೂ ಅಪಾಯವಿದೆ; ಕಾಗದದ ಸಂಶಯವನ್ನು ಕಾಗದದಿಂದಲೇ ತೀರಿಸಿಕೊಳ್ಳಬಹುದಾದಾಗ ಇವನ್ನು ಮೈಮೇಲೆ ಹಾಕಿಕೊಳ್ಳಬಾರದು. ಇಬ್ಬರ ಸಿ.ಡಿ., ವರದಿ, ಬಿಡುಗಡೆ ಪತ್ರ ಮತ್ತು ಬಿಲ್ಲುಗಳನ್ನು ತೆಗೆದುಕೊಂಡು ಅದೇ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಹೋಗಿ, ನೋಂದಣಿ ಸಂಖ್ಯೆಗಳನ್ನು ಕ್ಯಾಥ್‌ಲ್ಯಾಬಿನ ಅಂದಿನ ದಾಖಲೆ ಪುಸ್ತಕದೊಂದಿಗೆ ಹೋಲಿಸಿ ಲಿಖಿತವಾಗಿ ದೃಢಪಡಿಸಿಕೊಡುವಂತೆ ಕೇಳಿ. ಕೇಳುವುದು ನಿಮ್ಮ ಹಕ್ಕು. ಆಮೇಲೆ ವೈದ್ಯರನ್ನು ಕಂಡು, ನೀವು ಕಿರಿದೆಂದು ಗುರುತಿಸಿದ ಚಿತ್ರವನ್ನು ತೆರೆಯ ಮೇಲೆ ತೋರಿಸಿ, ಇದು ಯಾವ ನಾಳ, ಎಷ್ಟು ಶೇಕಡ, ಮಾತ್ರೆ ಸಾಕೆಂದು ತೀರ್ಮಾನಿಸಿದ್ದು ಏಕೆ ಎಂದು ಕೇಳಿ. ಈ ನಡುವೆ ತಂದೆಯವರಿಗೆ ನಡೆಯುವಾಗ ಎದೆ ಹಿಡಿದುಕೊಂಡಂತಾದರೆ, ಕೂತಿದ್ದಾಗಲೂ ಎದೆನೋವು, ಬೆವರು, ಉಸಿರುಕಟ್ಟುವಿಕೆ ಬಂದರೆ ದಾಖಲೆಗಳಿಗಾಗಿ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ; ಹೊಸನಗರದಿಂದ ಶಿವಮೊಗ್ಗದವರೆಗಿನ ದಾರಿ ದೂರವಾದ್ದರಿಂದ 108ಕ್ಕೆ ಕರೆ ಮಾಡಿ, ಮೊದಲು ಸಿಗುವಲ್ಲಿ ಇಸಿಜಿ ಮಾಡಿಸಿ.